ಐಸ್ ಹಾಕಿಯಲ್ಲಿ ತಲೆ ತಗ್ಗಿಸಿದ ಗಳಿಗೆಗಳು: ನಗೆಪಾಟಲಾದವರು ಯಾರು, ಬೆಲೆ ತೆತ್ತವರು ಯಾರು?

ಎಡ್ಮಂಟನ್_ಚಳಿ:

ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ಹತ್ತಿರ ಬಂತು ಅಂದರೆ ಇಲ್ಲಿನ ಟೀವಿಯವರಿಗೆ 1986ರ ಏಪ್ರಿಲ್ 30ರ ಕ್ಲಿಪ್ ಹಾಕದೆ ನಿದ್ದೆ ಬರುವುದಿಲ್ಲ. ಎಡ್ಮಂಟನ್ ಆಯ್ಲರ್ಸ್ ಮತ್ತು ಕ್ಯಾಲ್ಗರಿ ಫ್ಲೇಮ್ಸ್ ನಡುವೆ ಸರಣಿಯ ಏಳನೇ, ಅಂದರೆ ಕೊನೆಯ ಪಂದ್ಯ. ಸೋತವರು ಮನೆಗೆ. ಗ್ರೆಟ್ಸ್‌ಕಿ, ಮೆಸಿಯೆ ಇದ್ದ ಆಯ್ಲರ್ಸ್ ಅದರ ಹಿಂದಿನ ಎರಡು ವರ್ಷವೂ ಸ್ಟಾನ್ಲಿ ಕಪ್, ಅಂದರೆ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಪಟ್ಟ, ಗೆದ್ದಿದ್ದ ತಂಡ. ಮೂರನೇ, ಅಂದರೆ ಕೊನೆಯ ಪೀರಿಯಡ್, 2-2 ಸಮ. ಸ್ಟೀವ್ ಸ್ಮಿತ್ ಅಂತ ಹೊಸ ಡಿಫೆನ್ಸ್ ಆಟಗಾರ. ತನ್ನ ಗೋಲಿನ ಹಿಂದಿನಿಂದ ಪಕ್ (ಆಡುವ ರಬ್ಬರ್ ಬಿಲ್ಲೆ) ತಗೊಂಡು ಬಂದು ಅಡ್ಡಕ್ಕೆ ಒಂದು ಪಾಸ್ ಕೊಟ್ಟ. ಅದು ನಮ್ಮದೇ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್‌ನ ಎಡಗಾಲಿನ ಹಿಂಭಾಗಕ್ಕೆ ಬಡಿದು ಸೀದಾ ಬಲೆಯೊಳಗೆ ಹೋಯಿತು. ಸ್ಮಿತ್ ಐಸ್ ಮೇಲೆ ಬೋರಲು ಬಿದ್ದ. ಅವತ್ತು ಅವನ 23ನೇ ಹುಟ್ಟುಹಬ್ಬ.

ಗೋಲು ಬರೆಸಿಕೊಂಡವನು ಕ್ಯಾಲ್ಗರಿಯ ಪೆರ್ರಿ ಬೆರೆಜನ್. ಪಕ್ ಎಸೆದು ಆಗಲೇ ಬೆಂಚಿಗೆ ಹೋಗಿ ಕೂತಿದ್ದ. ಕೊನೆಯದಾಗಿ ಮುಟ್ಟಿದ ಫ್ಲೇಮ್ಸ್ ಆಟಗಾರ ಅವನೇ ಆದ್ದರಿಂದ ಅವನ ಹೆಸರಿಗೆ ಹೋಯಿತು. ತಮಾಷೆ ನೋಡಿ, ಅವನು ಹುಟ್ಟಿದ್ದೂ ಎಡ್ಮಂಟನ್ನಿನಲ್ಲೇ. ಪಂದ್ಯ 3-2ಕ್ಕೆ ಮುಗಿಯಿತು, ಆಯ್ಲರ್ಸ್ ಹೊರಬಿತ್ತು. ಮುಂದೆ 1987, 88, 90ರಲ್ಲಿ ಮತ್ತೆ ಕಪ್ ಬಂತು. ಆ ಒಂದು ಪಾಸ್ ಇಲ್ಲದಿದ್ದರೆ ಸತತ ಐದು ಆಗುತ್ತಿತ್ತು ಅಂತ ಇಲ್ಲಿನ ಹಿರಿಯರು ಇವತ್ತಿಗೂ ಲೆಕ್ಕ ಹಾಕುತ್ತಾರೆ. 87ರಲ್ಲಿ ಗೆದ್ದಾಗ ನಾಯಕ ಗ್ರೆಟ್ಸ್‌ಕಿ ಕಪ್ ಎತ್ತಿದವನೇ ಮೊದಲು ಕೊಟ್ಟಿದ್ದು ಸ್ಮಿತ್ ಕೈಗೆ.

ಇಂಥವು ನಿಮ್ಮ ಲೆಕ್ಕದಲ್ಲಿ ಯಾವುವು? ನಗು ಬರಿಸುವವೂ ಇರಲಿ, ನಾಚಿಕೆ ಪಡುವಂಥವೂ ಇರಲಿ. ಆದರೆ ಒಂದು ಕೋರಿಕೆ: ಬರೀ ಏನಾಯಿತು ಅಂತ ಬೇಡ, ಆಮೇಲೆ ಯಾರು ಅನುಭವಿಸಿದರು ಅಂತಲೂ ಬರೆಯಿರಿ.

ಫ್ಲೇಮ್ಸ್_ಪಾರ್ಟಿ:

ಆ ಗೋಲಿಗೆ ಕ್ಯಾಲ್ಗರಿಯಲ್ಲಿ ಒಂದು ದೇವಸ್ಥಾನ ಕಟ್ಟಿಸಬೇಕಿತ್ತು. ಇಷ್ಟೇ ನನ್ನ ಅಭಿಪ್ರಾಯ.

ನೈಟ್‌ಶಿಫ್ಟ್_ಬೆಂಗಳೂರು:

ನಾನು ಈ ಆಟಕ್ಕೆ ಬಂದಿದ್ದೇ ವಿಡಿಯೋ ಗೇಮ್ ಮೂಲಕ, ಹಾಗಾಗಿ ಹಳೇದು ಅಷ್ಟು ಗೊತ್ತಿಲ್ಲ. ಆದರೆ ಪ್ಯಾಟ್ರಿಕ್ ಸ್ಟೆಫಾನ್ ಕ್ಲಿಪ್ ನೋಡದವರು ಯಾರಿದ್ದಾರೆ ಗುರು! 2007ರ ಜನವರಿ 4, ಡಲ್ಲಾಸ್ 5-4 ಮುಂದೆ. ದಾಳಿಗೆ ಒಬ್ಬ ಹೆಚ್ಚಿಗೆ ಬೇಕು ಅಂತ ಎಡ್ಮಂಟನ್ನವರು ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿಕೊಂಡಿದ್ದಾರೆ, ಗೋಲು ಖಾಲಿ. ಡಲ್ಲಾಸ್‌ನ ಸ್ಟೆಫಾನ್ ಒಬ್ಬನೇ, ಸುತ್ತ ಒಂದು ನರಪಿಳ್ಳೆ ಇಲ್ಲ. ತಳ್ಳಿದರೆ ಸಾಕು. ಅವನು ಸ್ಟಿಕ್ ಆಡಿಸುವಷ್ಟರಲ್ಲಿ ಪಕ್ ಎಗರಿತು, ಇವನು ಬಿದ್ದ. ಎಡ್ಮಂಟನ್ನವರು ಅದನ್ನು ಎತ್ತಿಕೊಂಡು ಆ ತುದಿಗೆ ಓಡಿ, ಕೊನೆಯ 2 ಸೆಕೆಂಡ್ ಉಳಿದಿದ್ದಾಗ ಏಲ್ಸ್ ಹೆಮ್‌ಸ್ಕಿ ಗೋಲು ಹೊಡೆದು 5-5 ಮಾಡಿಬಿಟ್ಟ.

ಶೂಟೌಟ್‌ನಲ್ಲಿ ಕೊನೆಗೂ ಗೆದ್ದಿದ್ದು ಡಲ್ಲಾಸೇ. ಅಂದರೆ ಅವನ ತಪ್ಪಿನಿಂದ ತಂಡ ಸೋಲಲೇ ಇಲ್ಲ! ಅದು ಯಾರಿಗೂ ನೆನಪಿಲ್ಲ. 1999ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವುದು) ಅವನು ಮೊದಲನೇ ಆಯ್ಕೆ. ಎರಡನೇ, ಮೂರನೇ ಆಯ್ಕೆ ಆದವರು ಮುಂದೆ ತಾರೆಗಳಾದ ಸೆಡೀನ್ ಅವಳಿಗಳು. ಸ್ಟೆಫಾನ್‌ಗೆ ಆ ಸೀಸನ್ ಆದಮೇಲೆ ಎನ್‌ಎಚ್‌ಎಲ್ಲೇ ಇಲ್ಲ.

ಲೀಫ್ಸ್_ಸಂತ್ರಸ್ತೆ:

ಟೊರಾಂಟೊದವರಿಗೆ ಇದರಲ್ಲಿ ಸ್ಪರ್ಧೆಯೇ ಇಲ್ಲ, ದಯವಿಟ್ಟು ಪಕ್ಕಕ್ಕೆ ಸರಿಯಿರಿ. 1967ರಿಂದ ಕಪ್ ಇಲ್ಲ. 2013ರ ಮೇ 13ರಂದು ಬಾಸ್ಟನ್‌ನಲ್ಲಿ ಏಳನೇ ಪಂದ್ಯ, ಮೂರನೇ ಪೀರಿಯಡ್‌ನಲ್ಲಿ 4-1 ಮುಂದಿದ್ದು ಓವರ್‌ಟೈಮ್‌ನಲ್ಲಿ 5-4ಕ್ಕೆ ಸೋತೆವು. ಅದನ್ನೂ ಸಹಿಸಿಕೊಂಡೆವು.

ಆದರೆ 2020ರ ಫೆಬ್ರವರಿ 22! ಕೆರೊಲಿನಾ ಹರಿಕೇನ್ಸ್ ನಮ್ಮೂರಿಗೆ ಬಂದಿತ್ತು. ಅವರ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡು ಹೊರಗೆ ಹೋದರು. ಇಂಥ ಹೊತ್ತಿಗೆ ಅಂತ ಆಗ ಪ್ರತಿ ಊರಿನ ರಿಂಕಿನಲ್ಲೂ ಒಬ್ಬ ತುರ್ತು ಗೋಲ್‌ಕೀಪರ್ ಕೂತಿರುತ್ತಿದ್ದ, ಯಾವ ತಂಡಕ್ಕೆ ಬೇಕಾದರೂ ಇಳಿಯಬೇಕಿತ್ತು. ಅವತ್ತು ಕೂತಿದ್ದವರು ಡೇವಿಡ್ ಏರ್ಸ್, ವಯಸ್ಸು 42. ರಿಂಕ್ ಕಟ್ಟಡ ನೋಡಿಕೊಳ್ಳುವ ನೌಕರ, ನಮ್ಮದೇ ಕಿರಿಯ ತಂಡ ಮಾರ್ಲೀಸ್‌ಗೆ ಐಸ್ ನಯ ಮಾಡುವ ಜಂಬೋನಿ ಗಾಡಿ ಓಡಿಸಿದವರು. 2004ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡಿದ್ದವರು.

ಎರಡನೇ ಪೀರಿಯಡ್‌ನಲ್ಲಿ ಅವರು ಇಳಿದರು. ಮೊದಲ ಎರಡು ಹೊಡೆತ ಎರಡೂ ಗೋಲು. ಟವಾರೆಸ್ ಒಂದು, ಎಂಗ್ವಾಲ್ ಒಂದು, ಈಗ ಕೆರೊಲಿನಾ ಬರೀ 4-3 ಮುಂದೆ. ಸರಿ, ಇನ್ನೇನು ಗೆದ್ದೆವು ಅಂತ ಅನ್ನಿಸಬೇಕಲ್ಲ? ಮೂರನೇ ಪೀರಿಯಡ್ ಪೂರ್ತಿ ನಮ್ಮ ಕೋಟ್ಯಧಿಪತಿಗಳಿಗೆ ಒಂದು ಗೋಲೂ ಗಿಟ್ಟಲಿಲ್ಲ. ಆ ಮನುಷ್ಯ ಎಂಟು ತಡೆದರು, ಕೆರೊಲಿನಾ 6-3ಕ್ಕೆ ಗೆದ್ದಿತು. ಏರ್ಸ್ ಅವರ ಸ್ಟಿಕ್ ಹಾಕಿ ಹಾಲ್ ಆಫ್ ಫೇಮ್‌ಗೆ ಹೋಯಿತು. ಆ ಹಾಲ್ ಇರುವುದೂ ಟೊರಾಂಟೊದಲ್ಲೇ, ಟಿಕೆಟ್ ತಗೊಂಡು ಹೋಗಿ ನೋಡಿ ಬರಬಹುದು.

ಅನುಭವಿಸಿದವರು ಯಾರು ಅಂತ ಕೇಳಿದಿರಿ. ಇಡೀ ಊರು ಸರ್, ಇಡೀ ಊರು.

ಜರ್ಸಿ_ಧಾರವಾಡ:

ಅಲ್ರೀ, ನೀವೆಲ್ಲಾ ಬರೇ ಆಟಗಾರರ ಮ್ಯಾಲ ಬಿದ್ದೀರಿ. ನಮ್ಮ ನ್ಯೂಜರ್ಸಿ ಡೆವಿಲ್ಸ್ ಕಥಿ ಕೇಳ್ರಿ, ಇದರಾಗ ಲೀಗಿನ ಮರ್ಯಾದಿನ ಹೋತು.

1988, ಮೇ 6. ಡೆವಿಲ್ಸ್‌ಗೂ ಬಾಸ್ಟನ್ ಬ್ರೂಯಿನ್ಸ್‌ಗೂ ಕಾನ್ಫರೆನ್ಸ್ ಫೈನಲ್. ಮೂರನೇ ಮ್ಯಾಚ್ ಬಾಸ್ಟನ್ 6-1 ಗೆದ್ದಿತು. ಡೆವಿಲ್ಸ್ ಕೋಚ್ ಜಿಮ್ ಶೋನ್‌ಫೆಲ್ಡ್‌ಗ ಪಿತ್ತ ನೆತ್ತಿಗೇರಿತ್ತು. ಮ್ಯಾಚ್ ಮುಗದ ಮ್ಯಾಲ ರೆಫರಿ ಡಾನ್ ಕೊಹಾರ್ಸ್ಕಿ ಒಳಗ ಹೊಂಟಾಗ ಗಲ್ಲಿಯೊಳಗ ಹಿಂದಿಂದ ಹೋಗಿ ಜಗಳ ತಗದಾ. ರೆಫರಿ ಎಡವಿದಾ, "ನನ್ನ ನೂಕಿದಿ" ಅಂದಾ. ಇಂವಾ "ನೀನ ಬಿದ್ದಿ, ದಪ್ಪ ಹಂದಿ, ಇನ್ನೊಂದು ಡೋನಟ್ ತಿನ್ನು" ಅಂತ ಒದರಿದಾ. ಟೀವಿ ಕ್ಯಾಮೆರಾ ಅಲ್ಲೇ ಇತ್ರೀ. ಊರೆಲ್ಲಾ ಕೇಳಿತು.

ಲೀಗ್ ಅವಗ ಒಂದು ಮ್ಯಾಚ್ ನಿಷೇಧ ಹಾಕಿತು. ಡೆವಿಲ್ಸ್‌ನವರು ಸುಮ್ನ ಕೂಡ್ಲಿಲ್ಲ, ಸೀದಾ ಕೋರ್ಟಿಗೆ ಹೋಗಿ ನಾಲ್ಕನೇ ಮ್ಯಾಚ್ ಶುರು ಆಗೂಕಿಂತ ಸ್ವಲ್ಪ ಮುಂಚೆ ತಡೆಯಾಜ್ಞೆ ತಂದ್ರು. ಅಂವಾ ಬೆಂಚಿಗೆ ಬಂದ ಅಂದ್ರ ನಾವು ಬರೂದಿಲ್ಲಾ ಅಂತ ರೆಫರಿಗೋಳು ಬಾಗಿಲಾ ಹಾಕ್ಕೊಂಡು ಕೂತ್ರು. ಮಂದಿ ಎಲ್ಲಾ ರೊಕ್ಕಾ ಕೊಟ್ಟು ಬಂದು ಕೂತಾರ. ಲೀಗಿನ ಅಧ್ಯಕ್ಷ ಜಾನ್ ಜೀಗ್ಲರ್‌ನ ಹುಡುಕಿದ್ರ ಮನಶಾನ ಪತ್ತೆ ಇಲ್ಲಾ! ಫೈನಲ್‌ಗ ಒಂದು ಹೆಜ್ಜಿ ಹಿಂದ ಇರೂ ಮ್ಯಾಚ್, ಅಧ್ಯಕ್ಷ ಎಲ್ಲಿದಾನ ಅಂತ ಲೀಗಿನವರಿಗೇ ಗೊತ್ತಿಲ್ಲಾ.

ಒಂದು ತಾಸಿನ ಮ್ಯಾಲ ಕಾದು, ಕಡೀಗೆ ಅಲ್ಲೇ ಇದ್ದ ಹವ್ಯಾಸಿ ಮೂರು ಮಂದೀನ ಹಿಡದು ಐಸ್ ಮ್ಯಾಲ ಇಳಿಸಿದ್ರು. ಲೈನ್ಸ್‌ಮನ್‌ಗೋಳಿಗೆ ಪಟ್ಟಾಪಟ್ಟಿ ಅಂಗಿ ಸೈತ ಇಲ್ಲಾ, ಪ್ರಾಕ್ಟೀಸಿಗೆ ಹಾಕೂ ಹಳದಿ ಜರ್ಸಿ ಕೊಟ್ರು. ಡೆವಿಲ್ಸ್ 3-1 ಗೆದ್ದಿತು. ಆ ದಿನಕ್ಕ "ಹಳದಿ ಭಾನುವಾರ" ಅಂತನ ಹೆಸರು ಬಿತ್ತು. ಶೋನ್‌ಫೆಲ್ಡ್ ಮುಂದಿನ ಮ್ಯಾಚಿಗೆ ಹೊರಗ ಕೂತಾ, ಸರಣಿ ಬಾಸ್ಟನ್ ಏಳರಾಗ ಗೆದ್ದಿತು. ಪಾಪ ಕೊಹಾರ್ಸ್ಕಿ, ನೂರಾರು ಮ್ಯಾಚ್ ನಡಿಸ್ಯಾನ, ಆದ್ರ ಹೆಸರು ಹೇಳಿದ್ರ ಮಂದಿಗೆ ಡೋನಟ್ ಒಂದ ನೆನಪು.

ಲೀಫ್ಸ್_ಸಂತ್ರಸ್ತೆ:

ಅಯ್ಯೋ ರೀ, ಅಧ್ಯಕ್ಷರೇ ನಾಪತ್ತೆ! ಇದು ಗೊತ್ತೇ ಇರಲಿಲ್ಲ 😂

ವಾಂಕೂವರ್_ಮಳೆ:

ಎಲ್ಲರೂ ನಗುತ್ತಿರುವಾಗ ಇದನ್ನು ಬರೆಯಲು ಸ್ವಲ್ಪ ಕಷ್ಟ. ಆದರೆ ವಾಂಕೂವರ್‌ನಲ್ಲಿದ್ದುಕೊಂಡು ಈ ಪ್ರಶ್ನೆಗೆ ಬೇರೆ ಉತ್ತರ ಕೊಡಲು ನನಗೆ ಬರುವುದಿಲ್ಲ.

2004ರ ಫೆಬ್ರವರಿ 16. ಕೊಲರಾಡೊ ಅವಲಾಂಚ್‌ನ ಸ್ಟೀವ್ ಮೂರ್ ನಮ್ಮ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಡಿಕ್ಕಿ ಹೊಡೆದ. ರೆಫರಿ ಪೆನಾಲ್ಟಿ ಕೊಡಲಿಲ್ಲ. ನಾಸ್ಲುಂಡ್ ತಲೆಗೆ ಪೆಟ್ಟಾಗಿ ಮೂರು ಪಂದ್ಯ ಆಡಲಿಲ್ಲ. ಅವತ್ತಿನಿಂದ ಊರಿನಲ್ಲಿ, ರೇಡಿಯೋದಲ್ಲಿ, ತಂಡದೊಳಗೆ ಎಲ್ಲೆಡೆ ಒಂದೇ ಮಾತು: ಮೂರ್‌ಗೆ ಬುದ್ಧಿ ಕಲಿಸಬೇಕು. ಮಾರ್ಚ್ 3ರಂದು ಡೆನ್ವರ್‌ನಲ್ಲಿ ಎರಡೂ ತಂಡ ಮತ್ತೆ ಎದುರಾದಾಗ ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಅವರೇ ಹೋಗಿ ಕೂತಿದ್ದರು. ಅಂದರೆ ಏನಾಗಬಹುದು ಅನ್ನುವ ಅಂದಾಜು ಎಲ್ಲರಿಗೂ ಇತ್ತು. ಅವತ್ತು ಪಂದ್ಯ 5-5ಕ್ಕೆ ಸಮ ಆಯಿತು, ಏನೂ ನಡೆಯಲಿಲ್ಲ.

ಮಾರ್ಚ್ 8, ನಮ್ಮೂರಿನ ರಿಂಕ್ ಜಿಎಂ ಪ್ಲೇಸ್. ಮೊದಲ ಪೀರಿಯಡ್‌ನಲ್ಲೇ ಮ್ಯಾಟ್ ಕುಕ್ ಜೊತೆ ಮೂರ್ ಹೊಡೆದಾಡಿದ. ಈ ಆಟದ ಅಲಿಖಿತ ಲೆಕ್ಕದಲ್ಲಿ ಅಲ್ಲಿಗೆ ಚುಕ್ತಾ ಆಗಬೇಕಿತ್ತು. ಆದರೆ ನಾವು ಹೀನಾಯವಾಗಿ ಸೋಲುತ್ತಿದ್ದೆವು. ಮೂರನೇ ಪೀರಿಯಡ್‌ನಲ್ಲಿ 8-2 ಇದ್ದಾಗ ಟಾಡ್ ಬರ್ಟೂಜಿ ಮೂರ್‌ನ ಬೆನ್ನ ಹಿಂದೆಯೇ ಜಾರುತ್ತಾ ಹೋದ. ಕೆಣಕಿದ, ಜರ್ಸಿ ಹಿಡಿದು ಎಳೆದ. ಮೂರ್ ತಿರುಗಲಿಲ್ಲ. ಹಿಂದಿನಿಂದಲೇ ದವಡೆಗೆ ಗುದ್ದಿ, ಅವನ ಮೇಲೆಯೇ ಬಿದ್ದು ಮುಖವನ್ನು ಐಸಿಗೆ ಅಪ್ಪಳಿಸಿದ. ಅವರ ಮೇಲೆ ಇನ್ನೂ ಕೆಲವರು ಬಿದ್ದರು. ಬರ್ಟೂಜಿಯ ತೂಕ ನೂರು ಕಿಲೋಗಿಂತ ಹೆಚ್ಚು. ಮೂರ್ ಅಲ್ಲಾಡಲಿಲ್ಲ, ಸ್ಟ್ರೆಚರ್ ಬಂತು. ಕುತ್ತಿಗೆಯ ಮೂರು ಮೂಳೆ ಮುರಿದಿದ್ದವು.

ಹಾರ್ವರ್ಡ್‌ನಲ್ಲಿ ಓದಿ ಬಂದ ಹುಡುಗ, ಎನ್‌ಎಚ್‌ಎಲ್‌ನಲ್ಲಿ ಒಟ್ಟು 69 ಪಂದ್ಯ ಆಡಿದ್ದ. 70ನೆಯದು ಬರಲೇ ಇಲ್ಲ.

ಬರ್ಟೂಜಿ ಎರಡು ದಿನ ಬಿಟ್ಟು ಟೀವಿ ಮುಂದೆ ಅತ್ತ. ಆ ಸೀಸನ್‌ನ ಉಳಿದ 13 ಪಂದ್ಯ ಮತ್ತು 7 ಪ್ಲೇಆಫ್ ಪಂದ್ಯ ತಪ್ಪಿದವು, ಸಂಬಳದಲ್ಲಿ 5 ಲಕ್ಷ ಡಾಲರ್ ಚಿಲ್ಲರೆ ಹೋಯಿತು. ತಂಡಕ್ಕೆ 2.5 ಲಕ್ಷ ಡಾಲರ್ ದಂಡ. ಕ್ರಿಮಿನಲ್ ಕೇಸಿನಲ್ಲಿ ತಪ್ಪೊಪ್ಪಿಕೊಂಡ. ಒಂದು ವರ್ಷ ಪ್ರೊಬೇಷನ್, 80 ಗಂಟೆ ಸಮಾಜಸೇವೆ, ಜೈಲಿಲ್ಲ. ಮುಂದಿನ ಸೀಸನ್ ಮಾಲೀಕರು-ಆಟಗಾರರ ಸಂಬಳದ ಜಗಳದ ಲಾಕೌಟ್‌ನಿಂದ ಪೂರ್ತಿ ರದ್ದಾಯಿತು. 2005ರ ಆಗಸ್ಟ್‌ನಲ್ಲಿ ನಿಷೇಧ ತೆಗೆದರು. 2006ರ ಟುರಿನ್ ಒಲಿಂಪಿಕ್ಸ್‌ಗೆ ಕೆನಡಾ ತಂಡದಲ್ಲಿ ಅವನಿದ್ದ! 2014ರವರೆಗೂ ಎನ್‌ಎಚ್‌ಎಲ್ ಆಡಿದ. ಮೂರ್ ಹೂಡಿದ ಸಿವಿಲ್ ದಾವೆ ವರ್ಷಗಟ್ಟಲೆ ಎಳೆದು, 6.8 ಕೋಟಿ ಡಾಲರ್ ಕೇಳಿಕೆಯವರೆಗೂ ಬೆಳೆದು, ವಿಚಾರಣೆಗೆ ಕೆಲವೇ ವಾರ ಇದ್ದಾಗ 2014ರ ಆಗಸ್ಟ್‌ನಲ್ಲಿ ಗುಟ್ಟಾಗಿ ರಾಜಿಯಾಯಿತು.

ಸ್ಟೆಫಾನ್ ಒಂದು ಖಾಲಿ ಗೋಲು ತಪ್ಪಿಸಿದ್ದಕ್ಕೆ ಇಂದಿಗೂ ಮೀಮ್. ಬರ್ಟೂಜಿಗೆ ಒಲಿಂಪಿಕ್ಸ್ ಜರ್ಸಿ. ಈ ಲೆಕ್ಕ ನನಗೆ ಯಾವತ್ತೂ ಕೂಡಿಲ್ಲ.

ನೈಟ್‌ಶಿಫ್ಟ್_ಬೆಂಗಳೂರು:

ಸರ್, ಇದನ್ನು ಓದಿ ಮೀಮ್ ಹಾಕೋ ಮನಸ್ಸೇ ಹೋಯ್ತು.

ಕೊಡಗಿನ_ಬ್ಯಾಕ್:

ಒಂದು ಪ್ರಶ್ನೆ. ನಮ್ಮ ಕಡೆ ಹಾಕಿ ಅಂದರೆ ನೆಲದ ಮೇಲಿನ ಹಾಕಿ. ಕುಟುಂಬ ಕುಟುಂಬದ ನಡುವೆ ಟೂರ್ನಮೆಂಟ್ ನಡೆಯುತ್ತದೆ, ಅಲ್ಲೂ ಬಿಸಿ ಏರುತ್ತದೆ, ಆದರೆ ಕೈ ಎತ್ತಿದರೆ ಕೆಂಪು ಕಾರ್ಡು, ಹೊರಗೆ. ಇಲ್ಲಿ ಹೊಡೆದಾಡಿದರೆ ಐದು ನಿಮಿಷ ಕೂರಿಸಿ ಮತ್ತೆ ಆಡಲು ಬಿಡುತ್ತಾರಂತೆ. "ಅಲಿಖಿತ ಲೆಕ್ಕ" ಅಂದಿರಲ್ಲ, ಅದೇನದು? ಲಿಖಿತ ಕಾನೂನು ಇರುವಾಗ ಅಲಿಖಿತ ಯಾಕೆ?

ವಾಂಕೂವರ್_ಮಳೆ:

ಒಳ್ಳೆಯ ಪ್ರಶ್ನೆ ಸರ್. ಇವರ ವಾದ ಏನೆಂದರೆ, ರೆಫರಿ ಎಲ್ಲವನ್ನೂ ನೋಡಲಾರ. ನಮ್ಮ ಒಳ್ಳೆಯ ಆಟಗಾರನಿಗೆ ಯಾರಾದರೂ ಕೆಟ್ಟದಾಗಿ ಗುದ್ದಿದರೆ ನಮ್ಮ ಕಡೆಯ ಗಟ್ಟಿಗ ಹೋಗಿ ಅವನನ್ನು ಎದುರಿಗೆ ಕರೆದು, ಗ್ಲೌಸ್ ಬಿಸಾಕಿ, ಇಬ್ಬರೂ ಒಪ್ಪಿ ಹೊಡೆದಾಡಬೇಕು. ಅಲ್ಲಿಗೆ ಮುಗಿಯಿತು. ಹಿಂದಿನಿಂದ ಹೊಡೆಯಬಾರದು, ಬಿದ್ದವನಿಗೆ ಹೊಡೆಯಬಾರದು, ಸ್ಟಿಕ್ ಎತ್ತಬಾರದು. ಈ ಕೆಲಸಕ್ಕಾಗಿಯೇ ತಂಡಗಳು "ಎನ್‌ಫೋರ್ಸರ್" ಅಂತ ಒಬ್ಬೊಬ್ಬರನ್ನು ಇಟ್ಟುಕೊಳ್ಳುತ್ತಿದ್ದವು. ಲೀಗ್ ಕಣ್ಣು ಮುಚ್ಚಿಕೊಂಡಿತ್ತು, ಯಾಕೆಂದರೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಮೂರ್ ಪ್ರಕರಣ ತೋರಿಸಿದ್ದು ಇಷ್ಟೇ: ಆ ಲೆಕ್ಕ ಚುಕ್ತಾ ಆಯಿತೋ ಇಲ್ಲವೋ ಅಂತ ತೀರ್ಮಾನಿಸುವವನು ಸಿಟ್ಟಿನಲ್ಲಿರುವವನೇ.

ಆ ಗಟ್ಟಿಗರ ಗತಿಯನ್ನೂ ಕೇಳಿ. ಮಿನೆಸೋಟ, ನ್ಯೂಯಾರ್ಕ್ ರೇಂಜರ್ಸ್‌ಗೆ ಆಡಿದ ಡೆರೆಕ್ ಬೂಗಾರ್ಡ್ 2011ರ ಮೇ ತಿಂಗಳಲ್ಲಿ ನೋವಿನ ಮಾತ್ರೆ ಮತ್ತು ಮದ್ಯ ಸೇರಿ ಸತ್ತಾಗ ವಯಸ್ಸು 28. ಮೆದುಳನ್ನು ಪರೀಕ್ಷಿಸಿದರೆ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಿಗೆ ಬರುವ ಕಾಯಿಲೆ ಆಗಲೇ ಬಲಿತಿತ್ತು.

ಮಾಂಟ್ರಿಯಲ್_ಮೆಟ್ರೋ:

ಮಾರಾಯ್ರೇ, ಸ್ಟಿಕ್ ಎತ್ತಬಾರದು ಅಂದಿರಲ್ಲ, ಹಾಗಾದರೆ ಮಾರ್ಟಿ ಮೆಕ್‌ಸೋರ್ಲಿ ಕತೆ ಹೇಳದೆ ಬಿಡುವ ಹಾಗೇ ಇಲ್ಲ. ಒಂದೇ ಮನುಷ್ಯ, ಸ್ಟಿಕ್ಕಿನಿಂದಲೇ ಎರಡು ಸಲ ಕೆಟ್ಟ.

ಮೊದಲನೆಯದ್ದು 1993ರ ಜೂನ್ 3, ನಮ್ಮ ಮಾಂಟ್ರಿಯಲ್ ಫೋರಂನಲ್ಲಿ ಫೈನಲ್‌ನ ಎರಡನೇ ಪಂದ್ಯ. ಲಾಸ್ ಏಂಜಲೀಸ್ ಕಿಂಗ್ಸ್ ಸರಣಿಯಲ್ಲಿ 1-0, ಪಂದ್ಯದಲ್ಲಿ 2-1 ಮುಂದೆ. ಇನ್ನು ಎರಡು ನಿಮಿಷವೂ ಇಲ್ಲ. ನಮ್ಮ ಕೋಚ್ ಜಾಕ್ ಡೆಮೆರ್ಸ್ ರೆಫರಿಯನ್ನು ಕರೆದು, ಮೆಕ್‌ಸೋರ್ಲಿಯ ಸ್ಟಿಕ್ ಅಳೆಯಿರಿ ಅಂದರು. ಬ್ಲೇಡಿನ ಬಾಗು ಅರ್ಧ ಇಂಚಿಗಿಂತ ಹೆಚ್ಚಿರಬಾರದು ಅಂತ ಆಗಿನ ನಿಯಮ. ಸರಿಯಿದ್ದಿದ್ದರೆ ಪೆನಾಲ್ಟಿ ನಮಗೇ ಬೀಳುತ್ತಿತ್ತು. ಅಳೆದರೆ ಮಿತಿ ದಾಟಿತ್ತು. ಮೆಕ್‌ಸೋರ್ಲಿ ಪೆನಾಲ್ಟಿ ಬಾಕ್ಸಿಗೆ, ಕಿಂಗ್ಸ್‌ಗೆ ಒಬ್ಬ ಕಡಿಮೆ. ಡೆಮೆರ್ಸ್ ಗೋಲ್‌ಕೀಪರ್‌ನನ್ನೂ ಹೊರಗೆ ತೆಗೆದರು. ಡಿಫೆನ್ಸ್‌ನ ಎರಿಕ್ ದೆಜಾರ್ಡನ್ ಗೋಲು ಹೊಡೆದು ಸಮ ಮಾಡಿದ; ಓವರ್‌ಟೈಮ್‌ನ 51ನೇ ಸೆಕೆಂಡಿಗೆ ಅವನೇ ಗೆಲುವಿನ ಗೋಲನ್ನೂ ಹೊಡೆದ. ಸರಣಿ 4-1ಕ್ಕೆ ನಮ್ಮದಾಯಿತು. ಕೆನಡಾದ ತಂಡ ಕಪ್ ಗೆದ್ದಿದ್ದು ಅದೇ ಕೊನೆ, ಅದಕ್ಕೇ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ.

ಎರಡನೆಯದ್ದರಲ್ಲಿ ನಗುವುದಕ್ಕೇನೂ ಇಲ್ಲ. 2000ದ ಫೆಬ್ರವರಿ 21, ಅದೂ ವಾಂಕೂವರ್‌ನ ಅದೇ ಜಿಎಂ ಪ್ಲೇಸ್. ಮೆಕ್‌ಸೋರ್ಲಿ ಬಾಸ್ಟನ್‌ಗೆ ಬಂದಿದ್ದ. ವಾಂಕೂವರ್‌ನ ಡೊನಾಲ್ಡ್ ಬ್ರಾಶಿಯರ್ ಮೊದಲೇ ಅವನನ್ನು ಹೊಡೆದಾಟದಲ್ಲಿ ಸೋಲಿಸಿದ್ದ, ಬಾಸ್ಟನ್ ಬೆಂಚಿನ ಕಡೆ ಕೈ ಒರೆಸಿಕೊಂಡು ಅಣಕಿಸಿದ್ದ. ಪಂದ್ಯ ಮುಗಿಯಲು ಮೂರು ಸೆಕೆಂಡ್ ಇದ್ದಾಗ ಮೆಕ್‌ಸೋರ್ಲಿ ಹಿಂದಿನಿಂದ ಬಂದು ಎರಡೂ ಕೈಯಲ್ಲಿ ಸ್ಟಿಕ್ ಬೀಸಿ ತಲೆಗೇ ಹೊಡೆದ. ಬ್ರಾಶಿಯರ್ ಬಿದ್ದ, ಹೆಲ್ಮೆಟ್ ಕಳಚಿ ತಲೆ ಐಸಿಗೆ ಬಡಿಯಿತು, ಮೈ ಸೆಟೆಯಿತು. ನಿಷೇಧ ಕೊನೆಗೆ ಒಂದು ವರ್ಷಕ್ಕೆ ಏರಿತು, ಕೋರ್ಟ್ ಆಯುಧದಿಂದ ಹಲ್ಲೆ ಅಂತ ಅಪರಾಧಿ ಎಂದಿತು. ಶಿಕ್ಷೆ? ಷರತ್ತಿನ ಬಿಡುಗಡೆ. ಬ್ರಾಶಿಯರ್ ಪುಣ್ಯಕ್ಕೆ ಚೇತರಿಸಿಕೊಂಡು ಮತ್ತೆ ವರ್ಷಗಟ್ಟಲೆ ಆಡಿದ. ಮೆಕ್‌ಸೋರ್ಲಿಗೆ ಮಾತ್ರ ಅದೇ ಕೊನೆಯ ಎನ್‌ಎಚ್‌ಎಲ್ ಪಂದ್ಯ.

ಎಡ್ಮಂಟನ್_ಚಳಿ:

ವಾಂಕೂವರ್ ಸರ್, ಗಮನಿಸಿದಿರಾ? ನಾಲ್ಕು ವರ್ಷದ ಅಂತರ, ಒಂದೇ ಕಟ್ಟಡ, ಎರಡೂ ಹಿಂದಿನಿಂದ. ಮೊದಲನೆಯದರಲ್ಲಿ ಇಡೀ ಊರು ಮೆಕ್‌ಸೋರ್ಲಿಯನ್ನು ರಾಕ್ಷಸ ಅಂದಿತು.

ವಾಂಕೂವರ್_ಮಳೆ:

ಹೌದು. ಎರಡನೆಯದರಲ್ಲಿ ಬರ್ಟೂಜಿ ವಾಪಸ್ ಬಂದಾಗ ಅದೇ ಊರು ಚಪ್ಪಾಳೆ ತಟ್ಟಿತು.

ಫ್ಲೇಮ್ಸ್_ಪಾರ್ಟಿ:

ಬರ್ಟೂಜಿ ಒಬ್ಬನ ಮೇಲೇ ಎಲ್ಲಾ ಹೊರಿಸುವುದೂ ಸರಿಯಲ್ಲ. ಕೋಚ್ ಮಾರ್ಕ್ ಕ್ರಾಫರ್ಡ್ ತಂಡದವರನ್ನು ಮೂರ್ ವಿರುದ್ಧ ಎತ್ತಿಕಟ್ಟಿದರು ಅಂತ ಬರ್ಟೂಜಿಯೇ ಕೋರ್ಟಿನಲ್ಲಿ ಹೇಳಿಕೊಂಡು ಅವರನ್ನೂ ಕೇಸಿಗೆ ಎಳೆದಿದ್ದ. ಕ್ರಾಫರ್ಡ್ ಒಪ್ಪಲಿಲ್ಲ. ಆಮೇಲೆ ಆ ಭಾಗವನ್ನು ಬರ್ಟೂಜಿ ಹಿಂದೆ ತಗೊಂಡ. ರಾಜಿ ಆದ್ದರಿಂದ ಯಾರ ಬಾಯಿಂದ ಏನು ಬಂತು ಅಂತ ಸಾಕ್ಷಿ ಕಟಕಟೆಯಲ್ಲಿ ಯಾರೂ ಹೇಳಬೇಕಾಗಿ ಬರಲಿಲ್ಲ. ಲಾಭ ಆಗಿದ್ದು ಮೇಲಿನವರಿಗೇ.

ಮಾಂಟ್ರಿಯಲ್_ಮೆಟ್ರೋ:

ಮೇಲಿನವರು ಅಂದರೆ ನಮ್ಮ ಊರಿನ 1955 ನೆನಪಾಗುತ್ತದೆ. ನಮ್ಮ ತಂಡದ ಫ್ರೆಂಚ್ ತಾರೆ ಮೊರಿಸ್ ರಿಷಾರ್ ಬಾಸ್ಟನ್‌ನಲ್ಲಿ ಲೈನ್ಸ್‌ಮನ್‌ಗೆ ಗುದ್ದಿದ್ದಕ್ಕೆ ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಪ್ಲೇಆಫೂ ಸೇರಿ ಸೀಸನ್ ಪೂರ್ತಿ ನಿಷೇಧಿಸಿದರು. ಮರುದಿನ, ಮಾರ್ಚ್ 17ರಂದು, ಅದೇ ಕ್ಯಾಂಬೆಲ್ ಫೋರಂಗೆ ಬಂದು ತಮ್ಮ ಮಾಮೂಲಿ ಸೀಟಿನಲ್ಲಿ ಕೂತರು. ಮೊಟ್ಟೆ, ಟೊಮೆಟೊ ಹಾರಿದವು, ಕೊನೆಗೆ ಅಶ್ರುವಾಯು. ಪಂದ್ಯ ಡೆಟ್ರಾಯಿಟ್ ಪಾಲಾಯಿತು, ಸೇಂಟ್ ಕ್ಯಾಥರಿನ್ ಬೀದಿಯ ಅಂಗಡಿಗಳ ಗಾಜು ಪುಡಿಯಾಯಿತು. ಫ್ರೆಂಚರ ಮೇಲೆ ಇಂಗ್ಲಿಷರ ದರ್ಬಾರು ಅನ್ನುವ ಹಳೆ ಸಿಟ್ಟು ಅದರಲ್ಲಿ ಸೇರಿತ್ತು, ಬರೀ ಆಟದ್ದಲ್ಲ.

ನನಗೆ ಕಾಡುವುದು ಬೇರೆ ಸಂಗತಿ. ಆ ವರ್ಷ ಅತಿ ಹೆಚ್ಚು ಅಂಕದ ಪಟ್ಟ ರಿಷಾರ್‌ಗೆ ಸಿಗಬೇಕಿತ್ತು. ಅವನಿಲ್ಲದಾಗ ಅವನದೇ ತಂಡದ ಬರ್ನಿ ಜೆಫ್ರಿಯಾನ್ 75-74 ಅಂತ ಒಂದೇ ಅಂಕದಿಂದ ದಾಟಿದ. ಸ್ವಂತ ಊರಿನವರೇ ಅವನಿಗೆ ಛೀಮಾರಿ ಹಾಕಿದರು. ಗೋಲು ಹೊಡೆದಿದ್ದೇ ಅವನ ಅಪರಾಧ ಮಾರಾಯ್ರೇ.

ನೈಟ್‌ಶಿಫ್ಟ್_ಬೆಂಗಳೂರು:

ಸ್ವಲ್ಪ ಗಾಳಿ ಬದಲಾಗಲಿ ಅಂತ: ಜಾನ್ ಸ್ಪಾನೋ ಬಗ್ಗೆ ಯಾರೂ ಯಾಕೆ ಹೇಳಿಲ್ಲ? ನಮ್ಮ ಸ್ಟಾರ್ಟಪ್ ಜನ ಇವನಿಂದ ಟ್ಯೂಷನ್ ತಗೋಬೇಕು.

1996ರಲ್ಲಿ ಡಲ್ಲಾಸ್‌ನ ಈ ಆಸಾಮಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವನ್ನು 16.5 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂದ. ಕೈಯಲ್ಲಿ ಕಾಸಿಲ್ಲ. ಬ್ಯಾಂಕ್ 8 ಕೋಟಿ ಸಾಲ ಕೊಟ್ಟಿತು! ಲೀಗ್ ಅವನ ಹಿನ್ನೆಲೆ ಪರಿಶೀಲನೆಗೆ ಖರ್ಚು ಮಾಡಿದ್ದು ಸಾವಿರ ಡಾಲರಿಗಿಂತ ಕಡಿಮೆ, 1997ರ ಫೆಬ್ರವರಿಯಲ್ಲಿ ಒಪ್ಪಿಗೆಯನ್ನೂ ಕೊಟ್ಟಿತು. ತಿಂಗಳುಗಟ್ಟಲೆ ಮಾಲೀಕನಾಗಿ ಮೆರೆದ. ಹಳೆ ಮಾಲೀಕರಿಗೆ ಹಣ ಕಳಿಸಬೇಕಾದಾಗ ಏನು ಮಾಡಿದ ಗೊತ್ತಾ? 50 ಲಕ್ಷ ಡಾಲರ್ ಬದಲು 5,000 ಕಳಿಸಿದ. ಇನ್ನೊಂದು ಸಲ 1.7 ಕೋಟಿ ಬದಲು 1,700. ಸೊನ್ನೆ ಬಿಟ್ಟುಹೋಯಿತು ಅಂತ ಹೇಳಿ ಟೈಂ ತಳ್ಳುವ ಪ್ಲಾನ್. ಕೊನೆಗೆ ಪತ್ರಕರ್ತರು ಕೆದಕಿ ಬಯಲಿಗೆಳೆದರು. 71 ತಿಂಗಳು ಜೈಲು.

ಅಷ್ಟಾದರೂ ಐಲ್ಯಾಂಡರ್ಸ್ ಬುದ್ಧಿ ಕಲಿತರಾ? 2006ರಲ್ಲಿ ಬೇರೆ ಮಾಲೀಕರು ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊಗೆ 15 ವರ್ಷದ, 6.75 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟರು. ಗಾಯದ ಮೇಲೆ ಗಾಯ. 2013ರಲ್ಲಿ ಒಪ್ಪಂದ ಮುರಿದುಕೊಂಡರು, ಅದರ ಲೆಕ್ಕಕ್ಕೆ 2029ರವರೆಗೆ ವರ್ಷಕ್ಕೆ 15 ಲಕ್ಷ ಡಾಲರ್ ಮನೆಗೇ ಕಳಿಸುತ್ತಿದ್ದಾರೆ. ಅವನನ್ನು ಬೈಯುವವರು ಬಹಳ. ಸಹಿ ಹಾಕಿ ಅಂತ ಪೆನ್ನು ಕೊಟ್ಟಿದ್ದು ಯಾರು ಸ್ವಾಮಿ?

ಜರ್ಸಿ_ಧಾರವಾಡ:

ಐದು ಸಾವಿರ! ಹಗಲದರೋಡಿ ಮಾಡೂದಕ್ಕೂ ಒಂದು ಧೈರ್ಯ ಬೇಕ್ರೀ.

ಲೀಫ್ಸ್_ಸಂತ್ರಸ್ತೆ:

ಮೇಲಿನವರ ಮಾತು ಬಂತಲ್ಲ, ಒಂದನ್ನು ಬಿಡಬಾರದು. ಇದರಲ್ಲಿ ತಮಾಷೆ ಏನೂ ಇಲ್ಲ.

2010ರಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್ 49 ವರ್ಷದ ಮೇಲೆ ಕಪ್ ಗೆದ್ದರು. ಆ ಪ್ಲೇಆಫ್ ಹೊತ್ತಿಗೇ ತಂಡದ ವಿಡಿಯೋ ಕೋಚ್ ಬ್ರಾಡ್ ಆಲ್ಡ್ರಿಚ್ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾನೆ ಅಂತ ಯುವ ಆಟಗಾರ ಕೈಲ್ ಬೀಚ್ ಹೇಳಿದ್ದು ಆಡಳಿತದವರಿಗೆ ತಲುಪಿತ್ತು. ಮೇ 23ರಂದು, ಫೈನಲ್‌ಗೆ ಅರ್ಹತೆ ಪಡೆದ ಹೊತ್ತಿನಲ್ಲೇ, ದೊಡ್ಡವರೆಲ್ಲ ಕೋಣೆಯಲ್ಲಿ ಕೂತು ಮಾತಾಡಿದರು. ಮೂರು ವಾರ ಏನೂ ಮಾಡಲಿಲ್ಲ. ಆಲ್ಡ್ರಿಚ್ ಗೆಲುವಿನ ಸಂಭ್ರಮದಲ್ಲಿದ್ದ, ಕಪ್ ಮೇಲೆ ಹೆಸರು ಕೆತ್ತಿಸಿಕೊಂಡ, ಸದ್ದಿಲ್ಲದೆ ರಾಜೀನಾಮೆ ಕೊಟ್ಟು ಹೋದ. ಆಮೇಲೆ ಮಿಶಿಗನ್‌ನಲ್ಲಿ ಒಬ್ಬ ಶಾಲಾ ಹುಡುಗನ ಮೇಲೆ ಅದನ್ನೇ ಮಾಡಿ ಜೈಲಿಗೆ ಹೋದ. ಆ ಮೂರು ವಾರದ ಮೌನದ ಬೆಲೆ ತೆತ್ತಿದ್ದು ಆ ಹುಡುಗ.

2021ರ ಅಕ್ಟೋಬರ್‌ನಲ್ಲಿ ತನಿಖಾ ವರದಿ ಬಂತು, ಬೀಚ್ ಟೀವಿಯಲ್ಲಿ ತನ್ನ ಹೆಸರು ಹೇಳಿಕೊಂಡು ಮಾತಾಡಿದ. ಜನರಲ್ ಮ್ಯಾನೇಜರ್ ಸ್ಟಾನ್ ಬೋಮನ್ ಹೋದರು, 2010ರಲ್ಲಿ ಶಿಕಾಗೊ ಕೋಚ್ ಆಗಿದ್ದು ಈ ಹೊತ್ತಿಗೆ ಫ್ಲೋರಿಡಾ ತಂಡದಲ್ಲಿದ್ದ ಜೋಯಲ್ ಕ್ವೆನ್‌ವಿಲ್ ಹೋದರು, ಕ್ಲಬ್‌ಗೆ 20 ಲಕ್ಷ ಡಾಲರ್ ದಂಡ. ಕಪ್ ಮೇಲೆ ಕೆತ್ತಿದ್ದನ್ನು ಅಳಿಸಲಾಗುವುದಿಲ್ಲ, ಆಲ್ಡ್ರಿಚ್ ಹೆಸರಿನ ಒಂದೊಂದು ಅಕ್ಷರದ ಮೇಲೂ ಅಡ್ಡಗೀಟಿನ ಗುರುತು ಹೊಡೆದು ಮುಚ್ಚಿದರು. ಹಾಗೆ ಗೀಟು ಬಿದ್ದ ಇನ್ನೊಂದು ಹೆಸರು ಅದೇ ಕಪ್ಪಿನ ಮೇಲೆ 1984ರಿಂದ ಇದೆ: ಎಡ್ಮಂಟನ್ ಮಾಲೀಕ ಪೀಟರ್ ಪಾಕ್ಲಿಂಗ್ಟನ್ ತಂಡಕ್ಕೆ ಸಂಬಂಧವೇ ಇಲ್ಲದ ತನ್ನ ಅಪ್ಪನ ಹೆಸರನ್ನು ತೂರಿಸಿದ್ದ.

ಫ್ಲೇಮ್ಸ್_ಪಾರ್ಟಿ:

ಬೋಮನ್ ಈಗ ಎಲ್ಲಿದ್ದಾರೆ ಅಂತ ನಮ್ಮ ಎಡ್ಮಂಟನ್ ಸ್ನೇಹಿತರನ್ನೇ ಕೇಳೋಣ.

ಎಡ್ಮಂಟನ್_ಚಳಿ:

ಕೇಳುತ್ತೀರಿ ಅಂತ ಗೊತ್ತಿತ್ತು. 2024ರ ಜುಲೈ 1ರಂದು ಲೀಗ್ ಅವರ ಮೇಲಿನ ನಿಷೇಧ ತೆಗೆಯಿತು, ಅದೇ ತಿಂಗಳು ಆಯ್ಲರ್ಸ್ ಅವರನ್ನು ಜನರಲ್ ಮ್ಯಾನೇಜರ್ ಮಾಡಿಕೊಂಡಿತು. ಕ್ವೆನ್‌ವಿಲ್ ಅವರನ್ನು 2025ರಲ್ಲಿ ಅನಹೈಮ್ ಕರೆಸಿಕೊಂಡಿತು. ಸಮರ್ಥಿಸಲು ನನ್ನ ಹತ್ತಿರ ಏನೂ ಇಲ್ಲ. ತಂಡ ಗೆದ್ದಾಗ ಕೂಗುತ್ತೇನೆ, ಅವರ ಪತ್ರಿಕಾಗೋಷ್ಠಿ ಬಂದರೆ ಚಾನೆಲ್ ಬದಲಿಸುತ್ತೇನೆ.

ಆದರೆ ನಿಮ್ಮ ಕ್ಯಾಲ್ಗರಿ ಕೋಚ್ ಬಿಲ್ ಪೀಟರ್ಸ್ ಕತೆಯನ್ನೂ ಹೇಳಿಬಿಡಿ. 2009-10ರ ಸೀಸನ್‌ನಲ್ಲಿ ಕಿರಿಯ ಲೀಗಿನಲ್ಲಿ, ನೈಜೀರಿಯಾದಲ್ಲಿ ಹುಟ್ಟಿದ ಅಕಿಂ ಅಲಿಯು ಡ್ರೆಸ್ಸಿಂಗ್ ರೂಮಿನಲ್ಲಿ ಹಾಡು ಹಾಕಿದ್ದಕ್ಕೆ ಜನಾಂಗ ನಿಂದನೆ ಮಾಡಿದವರು. 2019ರ ನವೆಂಬರ್‌ನಲ್ಲಿ ಅಲಿಯು ಬಾಯಿಬಿಟ್ಟ ಮೇಲೆ ಹೊರಗೆ ಹೋದರು. ಕ್ಷಮಾಪಣೆ ಪತ್ರವನ್ನು ಬರೆದಿದ್ದು ಜನರಲ್ ಮ್ಯಾನೇಜರ್‌ಗೆ, ಅದರಲ್ಲಿ ಅಲಿಯುವಿನ ಹೆಸರೇ ಇರಲಿಲ್ಲ.

ಫ್ಲೇಮ್ಸ್_ಪಾರ್ಟಿ:

ಒಪ್ಪಿದೆ. 2023ರಲ್ಲಿ ಅವರಿಗೂ ಜೂನಿಯರ್ ಲೀಗಿನಲ್ಲಿ ಕೆಲಸ ಸಿಕ್ಕಿತು. ಅಲಿಯುಗೆ ಎನ್‌ಎಚ್‌ಎಲ್‌ನಲ್ಲಿ ಸಿಕ್ಕಿದ್ದು ಒಟ್ಟು ಏಳು ಪಂದ್ಯ.

ಕೊಡಗಿನ_ಬ್ಯಾಕ್:

ಇಷ್ಟೆಲ್ಲ ಓದಿದ ಮೇಲೂ ಈ ಆಟ ನೋಡಬೇಕು ಅನ್ನಿಸುತ್ತಿದೆ, ಅದೇ ಆಶ್ಚರ್ಯ. ಎಲ್ಲಿಂದ ಶುರು ಮಾಡಲಿ? ರಕ್ತ ಇಲ್ಲದ್ದು ಹೇಳಿ.

ಮಾಂಟ್ರಿಯಲ್_ಮೆಟ್ರೋ:

ರಕ್ತವೂ ಇಲ್ಲ, ಆಟಗಾರನೂ ಇಲ್ಲ, ಅಂಥದ್ದೊಂದು ಇದೆ. 1974ರ ಡ್ರಾಫ್ಟ್ ಫೋನಿನಲ್ಲಿ ನಡೆಯಿತು. ಎದುರಾಳಿ ಲೀಗಿಗೆ ಗೊತ್ತಾಗಬಾರದು ಅಂತ ಗುಟ್ಟಾಗಿ, ನಿಧಾನವಾಗಿ, ದಿನಗಟ್ಟಲೆ. ಬಫಲೊ ಸೇಬರ್ಸ್ ಮ್ಯಾನೇಜರ್ ಪಂಚ್ ಇಮ್ಲಾಕ್‌ಗೆ ಬೇಜಾರು ಬಂತು. 11ನೇ ಸುತ್ತಿನಲ್ಲಿ, 183ನೇ ಆಯ್ಕೆಯಾಗಿ, ಟೋಕಿಯೊ ಕಟಾನಾಸ್ ತಂಡದ ತಾರೊ ತ್ಸುಜಿಮೊಟೊ ಅಂತ ಹೇಳಿಬಿಟ್ಟರು. ಅಂಥ ಆಟಗಾರನೂ ಇಲ್ಲ, ಅಂಥ ತಂಡವೂ ಇಲ್ಲ. ಕ್ಯಾಂಬೆಲ್ ಅವರ ಲೀಗ್ ಗಂಭೀರವಾಗಿ ಬರೆದುಕೊಂಡಿತು. ಹೌದು, ಗಲಭೆ ದಿನ ಫೋರಂನಲ್ಲಿ ಕೂತಿದ್ದ ಅದೇ ಕ್ಯಾಂಬೆಲ್, ಇನ್ನೂ ಅಧ್ಯಕ್ಷ. ಸೇಬರ್ಸ್ ಕ್ಯಾಂಪ್ ಶುರುವಾಗುವವರೆಗೂ ಯಾರಿಗೂ ಬಾಯಿಬಿಡಲಿಲ್ಲ. ಈಗ ದಾಖಲೆಯಲ್ಲಿ ಆ ಜಾಗದಲ್ಲಿ "ಅಸಿಂಧು ಆಯ್ಕೆ" ಅಂತ ಇದೆ.

ಬಫಲೊ ಜನ ಪಂದ್ಯ ನೀರಸವಾದಾಗ "ನಮಗೆ ತಾರೊ ಬೇಕು" ಅಂತ ಕೂಗುತ್ತಿದ್ದರು. 2010-11ರಲ್ಲಿ ಅವನ ಹೆಸರಿನಲ್ಲಿ ಟ್ರೇಡಿಂಗ್ ಕಾರ್ಡ್ ಕೂಡ ಬಂತು.

ನೈಟ್‌ಶಿಫ್ಟ್_ಬೆಂಗಳೂರು:

ಆ ಕಾರ್ಡ್ ನನಗೆ ಬೇಕು. ಯಾರ ಹತ್ತಿರವಾದರೂ ಎರಡಿದ್ದರೆ ಮೆಸೇಜ್ ಮಾಡಿ, ಊರಿಗೆ ಬರುವವರ ಕೈಲಿ ಕಳಿಸಿದರೆ ಸಾಕು.

ಜರ್ಸಿ_ಧಾರವಾಡ:

ನಾ ಡಿಸೆಂಬರ್‌ದಾಗ ಬರಾಂವ ಇದ್ದೇನ್ರಿ. ಸಿಕ್ರ ತರ್ತೇನಿ. ರೊಕ್ಕಾ ಮಾತ್ರ ಸ್ಪಾನೋನಂಗ ಸೊನ್ನಿ ಬಿಟ್ಟು ಕಳಸಬ್ಯಾಡ್ರಿ ಮತ್ತ.